ಹಗಲು ಮಲಗುವವರ ಬಾಗಿಲು

ನನಗಾಗ ಅರವತ್ತೇಳು. ಇದು ಮೂರು ವರ್ಷದ ಹಿಂದಿನ ಮಾತು. ಅರವತ್ತೇಳು ಎಂಬುದೂ ಆಧಾರ್ ಕಾರ್ಡಿನವರು ಮುಖ ನೋಡಿ ಬರೆದುಕೊಂಡದ್ದು. ನಮ್ಮವ್ವ ಹೇಳುತ್ತಿದ್ದಂತೆ ನಾನು ಹೊಳೆ ಊರೊಳಗೆ ಬಂದ ವರ್ಷ ಹುಟ್ಟಿದವಳು. ಹೊಳೆ ಯಾವ ವರ್ಷ ಬಂದಿತ್ತು ಎಂದು ಕೇಳಿದರೆ, ನೀನು ಹುಟ್ಟಿದ ವರ್ಷ ಎನ್ನುತ್ತಿದ್ದಳು.

ಇದೆಲ್ಲ ಈಗ ನೆನಪಾದದ್ದು ಮೊನ್ನೆ ಕಿರಾಣಿ ಅಂಗಡಿಗೆ ಹೋಗುವಾಗ. ನಮ್ಮ ಓಣಿಯಲ್ಲಿ ಒಂದು ಬಾಗಿಲು ಹಗಲು ಹೊತ್ತಿನಲ್ಲಿ ಮುಚ್ಚಿತ್ತು. ನಾನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ದಾಟಿದೆ. ಅಂಗಡಿಯ ಶರಣಪ್ಪ ನೋಡುತ್ತಲೇ ಕುಳಿತಿದ್ದ.

“ಏನ್ ಚಂದವ್ವ, ಕಳವು ಮಾಡ್ಲಿಕ್ಕ ಹೊಂಟೀ ಏನು?”

“ಒಳಗ ಯಾರರೆ ಮಕ್ಕೊಂಡಿದ್ರ ಎಚ್ಚರ ಆಗಬಾರ್ದಂತ.”

“ಆ ಮನಿ ಖಾಲಿ ಅದ ಬೇ. ಇಲಿ ಮಕ್ಕೊಂಡಿರ್ಬೇಕು ನೋಡು.”

ನಗಲಿ. ರೂಢಿ ಒಮ್ಮೆ ಕಾಲಿಗೆ ಹತ್ತಿದರೆ ತಲೆಯ ಮಾತು ಕೇಳುವುದಿಲ್ಲ. ನನಗೆ ಓದು ಬರಹ ತಡವಾಗಿ ಬಂತು, ಸಾಕ್ಷರತೆಯ ಪಾಠದಲ್ಲಿ. ದೊಡ್ಡ ಮಾತು ಬರೆಯಲಾರೆ. ಇದ್ದದ್ದು ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದ ತೆಂಗಳಿಯಲ್ಲಿ ಹಗಲು ಮಲಗುವವರು ಎಂದರೆ ಕೂಸು, ಬಾಣಂತಿ, ಮತ್ತೆ ಊರ ಗೌಡರ ತಮ್ಮ. ಉಳಿದವರು ಹಗಲು ಕಣ್ಣು ಮುಚ್ಚಿದರೆ ಜ್ವರ ಬಂದಿದೆಯೆಂದು ಹಣೆ ಮುಟ್ಟಿ ನೋಡುತ್ತಿದ್ದರು. ಜ್ವರ ಇಲ್ಲದಿದ್ದರೆ ಬೈಯುತ್ತಿದ್ದರು. ಹೀಗಿದ್ದವಳನ್ನು ಶಹಾಬಾದಿಗೆ ಕೊಟ್ಟರು. ಗಂಡ ಕಲ್ಲು ಕೊಯ್ಯುವ ಒಂದು ಮಿಲ್ಲಿನಲ್ಲಿ ರಾತ್ರಿ ಪಾಳಿಯವನು. ನಾವಿದ್ದ ಓಣಿಯ ಗಂಡಸರೆಲ್ಲ ಹಾಗೆಯೇ, ಒಬ್ಬ ಹೋಗುವಾಗ ಒಬ್ಬ ಬರುತ್ತಿದ್ದ. ಅಲ್ಲಿ ಒಂದು ಪದ್ಧತಿ ಇತ್ತು. ಒಳಗೆ ರಾತ್ರಿ ಪಾಳಿಯವನು ಮಲಗಿದ್ದರೆ ಹೊಸ್ತಿಲ ಹೊರಗೆ ಬರಿ ಕೊಡವನ್ನು ಬೋರಲು ಹಾಕಬೇಕು. ಕೊಡ ಬೋರಲು ಬಿದ್ದ ಮನೆಯ ಮುಂದೆ ಯಾರೂ ಜಗಳ ಆಡುತ್ತಿರಲಿಲ್ಲ. ಜಗಳ ಆಡಲೇಬೇಕೆಂದರೆ ನಲ್ಲಿಯ ಹತ್ತಿರ ಹೋಗಿ ಆಡಿ ಬರುತ್ತಿದ್ದರು.

ಇದು ನಮ್ಮವ್ವನಿಗೆ ಗೊತ್ತಿರಲಿಲ್ಲ. ನಾನು ಮದುವೆಯಾಗಿ ಹೋದ ಮೇಲೆ ಮೊದಲ ಸಲ ಉಂಡಿ ಕಟ್ಟಿಕೊಂಡು ನೋಡಲು ಬಂದಳು. ಬಂದು ನೋಡುತ್ತಾಳೆ, ನಡುಹಗಲಲ್ಲಿ ಬಾಗಿಲು ಮುಚ್ಚಿದೆ, ಓಣಿಯೆಲ್ಲ ಗಪ್ಪಾಗಿದೆ, ಸಾವಿನ ಮನೆಯ ಮುಂದೆ ಹಾಕಿದಂತೆ ಹೊಸ್ತಿಲಿಗೆ ಬರಿ ಕೊಡ ಬೋರಲು ಬಿದ್ದಿದೆ. ಉಂಡಿಯ ಗಂಟನ್ನು ಅಲ್ಲೇ ಒಗೆದು, ದಾರಿಯಲ್ಲಿ ಕುಳಿತು, ಎದೆ ಬಡಿದುಕೊಂಡು ಅಳಿಯನ ಗುಣಗಳನ್ನು ಒಂದೊಂದಾಗಿ ಹಾಡಿ ಅಳತೊಡಗಿದಳು. ಆ ಗುಣಗಳು ಅವನಲ್ಲಿ ಇರಲಿಲ್ಲ, ಆ ಮಾತು ಬೇರೆ. ಅವನು ಲುಂಗಿ ಕಟ್ಟಿಕೊಳ್ಳುತ್ತ ಹೊರಗೆ ಬಂದು, “ಯಾರು ಸತ್ರು ಅತ್ತಿ?” ಎಂದ. ನಮ್ಮವ್ವ ಚೀರಿ ಎದ್ದು ಓಡಿದ್ದು ನಲ್ಲಿಯ ತನಕ.

ನಕ್ಕದ್ದು ಆಯಿತು. ಆದರೆ ಆ ಒಂದೇ ಕೋಣೆಯ ಮನೆಯಲ್ಲಿ ಅವನಿಗೆ ನಿದ್ದೆ ಎಂಬುದು ಅರೆಬರೆಯೇ ಆಗಿತ್ತು. ಮೂರು ಮಕ್ಕಳು, ಮೇಲೆ ಕಾದ ಪರಸಿ ಹಾಸುಗಲ್ಲಿನ ಮಾಳಿಗೆ. ನಿದ್ದೆಗೆಟ್ಟವನು ಒಂದು ಸಲ ಬ್ಲೇಡಿನ ಕೆಳಗೆ ಕಲ್ಲಿನ ಬದಲು ಕೈ ಕೊಟ್ಟ. ಎರಡು ಬೆರಳು ಹೋದವು. ಆಮೇಲೆ ನಾವು ಸೇಡಂಗೆ ಬಂದೆವು. ಅವನು ತೀರಿಕೊಂಡು ಬಹಳ ಕಾಲವಾಯಿತು. ನಿದ್ದೆಗೆಟ್ಟ ಕೈ ಏನು ಮಾಡುತ್ತದೆ ಎಂದು ನನಗೆ ಗೊತ್ತಿತ್ತು ಎನ್ನುವುದಕ್ಕಷ್ಟೇ ಇದನ್ನು ಬರೆದೆ.

ನಮ್ಮ ಸೇಡಂ ಮನೆಯ ಮೇಲೆ ಒಂದು ಕೋಣೆ ಇದೆ. ಅದನ್ನು ಬಾಡಿಗೆಗೆ ಕೊಡುತ್ತೇನೆ. ಮೂರು ವರ್ಷದ ಹಿಂದೆ ಅಲ್ಲಿಗೆ ಭಾಗ್ಯಶ್ರೀ ಎಂಬ ಹುಡುಗಿ ಬಂದಳು. ಹೊಸದಾಗಿ ಡಾಕ್ಟರ್ ಆದವಳು, ಶಹಾಬಾದಿನವಳು. ಒಂದು ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ. ದೊಡ್ಡ ಡಾಕ್ಟರುಗಳು ಹಗಲು ನೋಡುತ್ತಾರೆ, ಸಣ್ಣವರು ರಾತ್ರಿ ಕಾಯುತ್ತಾರೆ. ಹೊಲದಲ್ಲೂ ಹಾಗೆಯೇ, ಬೆಳೆ ಕಾಯಲು ರಾತ್ರಿ ಹೋಗುವವನು ಮನೆಯ ಸಣ್ಣವನು. ನಾನು ಅವಳಿಗೆ ಡಾಕ್ಟರಬಾಯಿ ಎನ್ನುತ್ತಿದ್ದೆ. ಅವಳು ನನಗೆ ಆಯಿ ಎನ್ನುತ್ತಿದ್ದಳು.

ಮೊದಮೊದಲು ಚೆನ್ನಾಗಿಯೇ ಮಲಗುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಏನಾಯಿತೋ, ನಿದ್ದೆ ಬಿಟ್ಟುಹೋಯಿತು. ಬೆಳಿಗ್ಗೆ ಬರುತ್ತಾಳೆ, ಮಲಗುತ್ತಾಳೆ, ಏಳುತ್ತಾಳೆ. ಮೇಲೆ ಕಲ್ಲಿನ ನೆಲದ ಮೇಲೆ ಅತ್ತಿಂದಿತ್ತ ನಡೆಯುವುದು ನನಗೆ ಕೆಳಗೆ ಕೇಳುತ್ತಿತ್ತು. ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳು ಕಿಟಕಿಯತ್ತ ನಡೆದರೆ ನಾನು ಒಲೆಯಿಂದ ಬಾಗಿಲಿಗೆ, ಅವಳು ಬಾಗಿಲಿಗೆ ಬಂದರೆ ನಾನು ಮತ್ತೆ ಒಲೆಗೆ. ಮೇಲೊಬ್ಬಳು ಕೆಳಗೊಬ್ಬಳು ಗಾಣ ಸುತ್ತಿದಂತೆ.

ಗದ್ದಲಕ್ಕೆ ಹೀಗಾಗುತ್ತಿದೆ ಎಂದು ನಾನು ಅಂದುಕೊಂಡೆ. ಕೋಡ್ಲಾ ಕಡೆಯ ಸಿಮೆಂಟ್ ಲಾರಿಗಳನ್ನು ನಿಲ್ಲಿಸುವುದು ನನ್ನ ಕೈಯಲ್ಲಿಲ್ಲ. ಉಳಿದದ್ದನ್ನು ನಿಲ್ಲಿಸಿದೆ. ಕಾಯಿಪಲ್ಲೆ ಗಾಡಿಯವನ ಮೈಕ್ ಬಂದ್ ಮಾಡಿಸಿದೆ. ಅವನು ಮೈಕ್ ಇಲ್ಲದೆ ಬಾಯಲ್ಲೇ ಕೂಗಿದ, ಅದು ಇನ್ನೂ ಜೋರು. ನಮ್ಮ ಹಳೆಯ ಪದ್ಧತಿಯಂತೆ ಮೆಟ್ಟಿಲ ಹತ್ತಿರ ಕೊಡ ಬೋರಲು ಹಾಕಿದೆ. ಪಕ್ಕದ ಮನೆಯ ನರಸಮ್ಮ, ಚಿಂಚೋಳಿ ಕಡೆಯವಳು, ಅರ್ಧ ತೆಲುಗು ಮಾತಾಡುವವಳು, ಅದನ್ನು ತೊಳೆದು ನೀರು ತುಂಬಿಸಿ ತಂದಿಟ್ಟಳು.

“ಅಯ್ಯೋ ಪಾಪಂ, ಮುದುಕಿಗಿ ನಲ್ಲಿತನಕ ಹೋಗಲಿಕ್ಕ ಆಗಲ್ದು ಅಂತ ನಾನೇ ತುಂಬಸ್ದೆ ಅಕ್ಕಾ.”

ಒಳ್ಳೆಯದು ಮಾಡಿದವರನ್ನು ಬೈಯುವುದು ಹೇಗೆ?

ಡಾಕ್ಟರಬಾಯಿ ತನ್ನ ಕಡೆಯಿಂದಲೂ ಏನೇನೋ ಮಾಡಿದಳು. ಕಿಟಕಿಗೆ ಕರಿ ಬಟ್ಟೆ ಬಡಿದಳು. ಕಿವಿಗೆ ಅರಳೆ ಇಟ್ಟುಕೊಂಡಳು. ಗಾಣದ ಎತ್ತಿಗೆ ಕಟ್ಟುವಂಥ ಪಟ್ಟಿಯೊಂದನ್ನು ಕಣ್ಣಿಗೆ ಕಟ್ಟಿಕೊಂಡಳು. ಒಂದು ದಿನ ಅವಳ ಫೋನಿನಲ್ಲಿ ಮಳೆ ಹೊಯ್ಯುವ ಸಪ್ಪಳ ಹಚ್ಚಿಕೊಂಡು ಮಲಗಿದ್ದಾಳೆ. ಅದನ್ನು ಕೇಳಿದರೆ ನಿದ್ದೆ ಬರುತ್ತದಂತೆ. ನನಗೇನು ಗೊತ್ತು? ಮಾಳಿಗೆಯ ಮೇಲೆ ನಾನು ಮೆಣಸಿನಕಾಯಿ ಒಣಹಾಕಿದ್ದೆ. ಕೆಳಗೆ ಅಡುಗೆಮನೆಯಲ್ಲಿ ಕುಳಿತವಳಿಗೆ ಮೇಲೆ ಧೋ ಎನ್ನುವುದು ಕೇಳಿಸಿತು. “ಮಳಿ ಬಂತು, ಮಳಿ!” ಎಂದು ಒದರುತ್ತ ಮೆಟ್ಟಿಲು ಹತ್ತಿದೆ. ನನ್ನ ದನಿಗೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಮಾಳಿಗೆ ಹತ್ತಿ ಹಪ್ಪಳ, ಬೇಳೆ, ಮೆಣಸಿನಕಾಯಿ ಬಾಚಿಕೊಂಡರು. ಮೇಲೆ ನೋಡಿದರೆ ನೆತ್ತಿ ಸುಡುವ ಬಿಸಿಲು. ಡಾಕ್ಟರಬಾಯಿ ಕಣ್ಣಪಟ್ಟಿಯನ್ನು ಹಣೆಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಓಣಿಯವರು ಒಂದು ವಾರ ನನ್ನನ್ನು ಕಂಡಾಗಲೆಲ್ಲ ಕೈಚಾಚಿ ಹನಿ ನೋಡುತ್ತಿದ್ದರು.

ಆಮೇಲೆ ನರಸಮ್ಮನ ಮಾತು ಕೇಳಿ ಅಂಗಾಲಿಗೆ ಔಡಲೆಣ್ಣೆ ತಿಕ್ಕಿದೆ. ಹಸಿ ಉಳ್ಳಾಗಡ್ಡಿ ತಿನ್ನಿಸಿದೆ. ಎಣ್ಣೆಗಾಲಿನಲ್ಲಿ ಎದ್ದವಳು ಪರಸಿಯ ಮೇಲೆ ಜಾರಿ ಬಿದ್ದು ಸೊಂಟ ಹಿಡಿದುಕೊಂಡಳು. ಉಳ್ಳಾಗಡ್ಡಿಯಿಂದ ಬಂದದ್ದು ತೇಗು, ನಿದ್ದೆಯಲ್ಲ.

ಇನ್ನು ಮನೆಯಲ್ಲಿ ಡಾಕ್ಟರ್ ಇದ್ದಾಳೆಂದರೆ ಮಂದಿ ಬಿಡುತ್ತಾರೆಯೇ? ಬಿಪಿಯವರು, ಶುಗರಿನವರು, ಮೊಣಕಾಲಿನವರು. ಮಲಗಿದ್ದಾಳೆ ಎಂದರೆ ಒಬ್ಬಳು, “ಎಬ್ಬಸ್ಬ್ಯಾಡ್ರಿ, ಬಾಗಲ್ದಾಗ ನಿಂತು ನಾಲಿಗಿ ತೋರ್ಸಿ ಹೋಗ್ತೀನಿ” ಎಂದಳು.

ಮುಖ ಸುಣ್ಣದಂತಾಗಿತ್ತು ಹುಡುಗಿಯದು. ಒಂದು ಮುಂಜಾನೆ ಆಸ್ಪತ್ರೆಯಿಂದ ಬಂದು ಮೆಟ್ಟಿಲ ಮೇಲೆಯೇ ಕುಳಿತಳು.

“ಆಯಿ, ನಾ ನೌಕರಿ ಬಿಡ್ತೀನಿ.”

“ಯಾಕ?”

“ನಿನ್ನೆ ಸೂಜಿ ತುಂಬಸ್ಲಿಕತ್ತಿದ್ದೆ. ನಾ ತಗೊಂಡಿದ್ದು ಬ್ಯಾರೆ ಶೀಶಿ. ನರ್ಸಬಾಯಿ ಕೈ ಹಿಡಿದ್ಲು. ಹಿಡೀಲಿಲ್ಲಂದ್ರ?”

ನನಗೆ ಗಂಡನ ಕೈ ಕಣ್ಣಮುಂದೆ ಬಂತು. ಬ್ಲೇಡಿಗೆ ಅವನು ಕೊಟ್ಟದ್ದು ತನ್ನ ಬೆರಳು. ಇವಳು ಕೊಡುವುದು ಬೇರೆಯವರ ಜೀವ. ಇರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೋಗು ಎನ್ನಲೂ ಮನಸ್ಸಾಗಲಿಲ್ಲ. ನಮ್ಮ ಓಣಿಯ ಹೆಂಗಸರು ಗಂಡು ಡಾಕ್ಟರಿಗೆ ಹೇಳದೆ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡದ್ದನ್ನು ಇವಳಿಗೆ ಹೇಳುತ್ತಿದ್ದರು. ಅಂಥವಳು ಹೋದರೆ ಮತ್ತೆ ಮುಚ್ಚಿಟ್ಟುಕೊಳ್ಳುತ್ತಾರೆ, ಅಷ್ಟೇ.

“ಇವತ್ತೇ ಶಹಾಬಾದಿಗಿ ಹೋಗಿ ಅವ್ವಗ ಹೇಳಿ ಬರ್ತೀನಿ” ಎಂದಳು. “ಸಂಜಿ ಗಾಡಿಗಿ ವಾಪಸ್. ಇವತ್ತ ರಾತ್ರಿ ಡ್ಯೂಟಿ ಮಾಡಿ ನಾಳಿ ರಾಜೀನಾಮೆ ಕೊಡ್ತೀನಿ.”

“ನಡಿ, ನಾನೂ ಚಿತ್ತಾಪುರಕ ಹೋಗೋದದ. ತಂಗಿ ಮೊಮ್ಮಗನ ನೋಡಿಲ್ಲ ಇನ್ನಾ” ಎಂದೆ. ಚಿತ್ತಾಪುರ ಮೊದಲು ಬರುತ್ತದೆ, ಆಮೇಲೆ ವಾಡಿ, ಅದರ ಮುಂದೆ ಶಹಾಬಾದ. ಒಂದೇ ಗಾಡಿ, ಕಲಬುರಗಿ ಕಡೆ ಹೋಗುವ ಪ್ಯಾಸೆಂಜರ್.

ಗಾಡಿಯಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಆ ಫೋನು ಅವಳ ಕೈ ಬಿಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ಮಲಗುವಾಗಲೂ ಎದೆಯ ಮೇಲೆ ಇರುತ್ತಿತ್ತು, ತಾಳಿಯಂತೆ.

“ನಿಮಗ ಗಾಡ್ಯಾಗ ನಿದ್ದಿ ಬರ್ತದೇನು ಆಯಿ?”

“ಇಲ್ಲ. ಊರು ತಪ್ಪಿ ಮುಂದ ಹೋದೀತಂತ ಕಣ್ಣೇ ಮುಚ್ಚಲ್ಲ.”

“ಹಂಗಾರ ನೀವು ಎಚ್ಚರೇ ಇರ್ತೀರಿ.”

“ಇರ್ತೀನಿ.”

“ಶಹಾಬಾದ ಬಂದ್ರ ಎಬ್ಬಸ್ತೀರಿ?”

“ಎಬ್ಬಸ್ತೀನಿ.” ಚಿತ್ತಾಪುರದಲ್ಲಿ ಇಳಿಯುವವಳು ಶಹಾಬಾದಿನಲ್ಲಿ ಹೇಗೆ ಎಬ್ಬಿಸುತ್ತೇನೆ ಎಂದು ನಾನೂ ಯೋಚಿಸಲಿಲ್ಲ, ಅವಳೂ ಕೇಳಲಿಲ್ಲ. ಫೋನನ್ನು ನನ್ನ ಉಡಿಯಲ್ಲಿ ಹಾಕಿದಳು. “ಇದು ರಿಂಗಾದ್ರೂ ಎಬ್ಬಸ್ರಿ.”

ಸೇಡಂ ಸ್ಟೇಷನ್ನಿನ ಕೊನೆಯ ಕಂಬ ದಾಟುವುದರೊಳಗೆ ಅವಳ ತಲೆ ನನ್ನ ಹೆಗಲಿಗೆ ಬಿತ್ತು.

ಚಿತ್ತಾಪುರ ಬಂತು. ನಾನು ಇಳಿಯಲಿಲ್ಲ. ಮಾಯೆ ಮಮತೆ ಎಂದು ತಿಳಿಯಬೇಡಿ. ಹೆಗಲು ತೆಗೆದರೆ ತಲೆ ಕಿಟಕಿಯ ಕಬ್ಬಿಣಕ್ಕೆ ಬಡಿಯುತ್ತಿತ್ತು. ಮೊಮ್ಮಗ ಇವತ್ತಲ್ಲ ನಾಳೆಯೂ ಅಲ್ಲೇ ಇರುತ್ತಾನೆ ಎಂದುಕೊಂಡೆ. ಗಾಡಿ ಬಿಟ್ಟ ಮೇಲೆ ಟಿಕೆಟ್ ನೋಡುವವನು ಬಂದ.

“ಚಿತ್ತಾಪುರದ ಟಿಕೆಟ್ ಅದ. ಚಿತ್ತಾಪುರ ಹೋಯ್ತಲ್ಲವ್ವ!”

“ನನಗೂ ಕಣ್ಣ ಅವ. ಜರಾ ಮೆತ್ತಗ ಮಾತಾಡ್ರಿ.”

“ದಂಡ ಕಟ್ಬೇಕಾಗ್ತದ” ಎಂದ, ಪಾಪ, ಪಿಸುಮಾತಿನಲ್ಲಿ.

ಪಿಸುಮಾತು ಕೇಳಿದರೆ ನಮ್ಮ ಮಂದಿಗೆ ಕಿವಿ ನಿಲ್ಲುತ್ತದೆ. ಎದುರಿಗೆ ಕುಳಿತಿದ್ದ ಕುರಕುಂಟಾದ ಒಬ್ಬ ವಯಸ್ಸಾದ ಮುತ್ಯಾ ಬಗ್ಗಿ ನೋಡಿದ. ಹಣೆಯ ತುಂಬ ವಿಭೂತಿ, ಹೆಗಲಿಗೆ ಧೋತರದ ಗಂಟು.

“ಏನಾಗ್ಯಾದವ್ವ ಹುಡುಗಿಗಿ?”

“ಏನೂ ಆಗಿಲ್ಲ. ನಿದ್ದಿ.”

“ನಿದ್ದಿ ಹಿಂಗಿರ್ತದೇನು? ಬಣ್ಣ ನೋಡು. ಯಾವ ದವಾಖಾನಿಗಿ ಒಯ್ಲಿಕತ್ತೀರಿ?”

“ದವಾಖಾನಿಂದಲೇ ಕರಕೊಂಡು ಬಂದೀನಿ.”

ಇಷ್ಟು ಹೇಳಿದ್ದೇ ತಪ್ಪಾಯಿತು. “ಡಾಕ್ಟರು ಕೈ ಬಿಟ್ಟಾರ!” ಎಂದು ಪಕ್ಕದ ಸಾಲಿನ ಹೆಂಗಸೊಬ್ಬಳು ಎದೆಗೆ ಕೈ ಇಟ್ಟುಕೊಂಡಳು. ಇವಳೇ ಡಾಕ್ಟರ್ ಎಂದು ಬಿಡಿಸಿ ಹೇಳಬಹುದಿತ್ತು. ಹೇಳಿದರೆ ಅಲ್ಲೇ ಮೊಣಕಾಲು ತೋರಿಸಲು ಸಾಲು ಹಚ್ಚುತ್ತಾರೆ. ಬಾಯಿ ಮುಚ್ಚಿಕೊಂಡೆ. ಮುತ್ಯಾ ಗಂಟು ಬಿಚ್ಚಿ ವಿಭೂತಿ ತೆಗೆದು, ಏನೋ ಮಣಮಣ ಅಂದು, ಅವಳ ಹಣೆಗೆ ಮೂರು ಬೆರಳಿನಲ್ಲಿ ಹಚ್ಚಿದ. ಹೆಂಗಸು ದೃಷ್ಟಿ ಹೋಗಲೆಂದು ನಿಂಬೆಹಣ್ಣು ಇಳಿತೆಗೆದು ಅವಳ ಮಡಿಲಿಗೆ ಹಾಕಿದಳು. ಇನ್ನೊಬ್ಬರು ಬೇವಿನ ಎಲೆ ಎಲ್ಲಿಂದ ತಂದರೋ, ಓಡುವ ಗಾಡಿಯಲ್ಲಿ.

ಇಷ್ಟಾದರೂ ಅವಳಿಗೆ ಎಚ್ಚರವಿಲ್ಲ. ವಾಡಿಯಲ್ಲಿ ಗಾಡಿ ನಿಂತಿತು, ನಿಂತೇ ಇತ್ತು. ಚಹಾದವರು, ವಡೆಯವರು, ಮೇಲಿನ ಮೈಕು, ಪಕ್ಕದ ಹಳಿಯಲ್ಲಿ ಸಿಮೆಂಟ್ ವ್ಯಾಗನ್ ಢಿಕ್ಕಿ ಕೊಡುವ ಸಪ್ಪಳ. ಸತ್ತವರು ಏಳಬೇಕು. ಅವಳು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಕಾಯಿಪಲ್ಲೆಯವನ ಜೊತೆ ನಾನು ಸುಮ್ಮನೆ ಜಗಳ ಆಡಿದ್ದೆ ಎಂದು ಅಲ್ಲಿ ತಿಳಿಯಿತು. ಗದ್ದಲದ ರೋಗವಲ್ಲ ಇದು.

ಶಹಾಬಾದ ಹತ್ತಿರ ಬಂತು. ಇಂಥ ನಿದ್ದೆಯನ್ನು ಕೆಡಿಸುವುದೆಂದರೆ ಉಣ್ಣುವವರ ಮುಂದಿನ ತಾಟು ಎಳೆದಂತೆ. ಕಲಬುರಗಿಯ ತನಕ ಬಿಟ್ಟುಬಿಡಲೇ? ಮುತ್ಯಾನೂ, “ಎಬ್ಬಸ್ಬ್ಯಾಡವ್ವ, ಪಾಪ ಹತ್ತತದ” ಎಂದ. ಗಾಡಿ ನಿಧಾನವಾಯಿತು. ಹೊರಗೆ ಕೊಯ್ದ ಪರಸಿಯ ರಾಶಿಗಳು ಕಂಡವು. ಎಬ್ಬಿಸುತ್ತೇನೆ ಎಂದು ಹೇಳಿದ್ದಕ್ಕೆ ತಾನೇ ಹುಡುಗಿ ಕಣ್ಣು ಮುಚ್ಚಿದ್ದು? ಇವತ್ತು ನಾನು ಮಾತು ತಪ್ಪಿದರೆ ನಾಳೆ ಯಾರ ಮಾತಿಗೂ ಮಲಗಳು. ಭುಜ ಹಿಡಿದು ಅಲುಗಾಡಿಸಿದೆ.

“ಏಳು. ನಿಮ್ಮೂರು ಬಂತು.”

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಅವಳು ಹಣೆ ಮುಟ್ಟಿ ನೋಡಿದಳು. ಕೈಗೆ ಬೂದಿ ಬಂತು. ನಿಂಬೆಹಣ್ಣು ನೋಡಿದಳು, ಬೇವಿನ ಎಲೆ ನೋಡಿದಳು.

“ನಾ ಸತ್ತಿದ್ದೆನೇನು ಆಯಿ?”

“ಇಲ್ಲ. ಸಾಯ್ಲಿಕ್ಕ ಹೊಂಟೀದಿ ಅಂತ ಮಂದಿ ತಿಳ್ಕೊಂಡಿದ್ರು. ಡಾಕ್ಟರು ಕೈಬಿಟ್ಟಾರಂತ ನಿನ್ನ.”

ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ, ಕೇಳದೆಯೇ ಹೇಳಿದಳು. ಮಳೆಗಾಲ ಮುಗಿದ ಹೊತ್ತಿಗೆ ಎದೆನೋವೆಂದು ಒಬ್ಬ ರೈತ ಬಂದಿದ್ದನಂತೆ. ರಾತ್ರಿಯೆಲ್ಲ ಅವನ ಹತ್ತಿರವೇ ನಿಂತು, ಬೆಳಿಗ್ಗೆ ಹಗಲಿನ ಡಾಕ್ಟರಿಗೆ ಒಪ್ಪಿಸಿ ಬಂದು ಮಲಗಿದ್ದಾಳೆ. ಕಲಬುರಗಿಗೆ ಒಯ್ಯುವಾಗ ಅವನು ದಾರಿಯಲ್ಲೇ ತೀರಿಕೊಂಡ. ಇವಳು ಎದ್ದು ಫೋನ್ ನೋಡಿದಾಗ ಎಲ್ಲ ಮುಗಿದಿತ್ತು.

“ನೀ ಎಚ್ಚರ ಇದ್ದಿದ್ರ ಬದುಕ್ತಿದ್ನೇನು?” ಎಂದೆ.

“ಇಲ್ಲ. ಯಾರಿದ್ರೂ ಆಗ್ತಿರ್ಲಿಲ್ಲ.”

“ಮತ್ತ?”

“ನನಗ ಗೊತ್ತದ ಆಯಿ. ಕಣ್ಣಿಗಿ ಗೊತ್ತಾಗಲ್ದು. ಮುಚ್ಚಿದ್ರ ಏನರೆ ಆಗ್ತದ ಅಂತದ.”

“ಗಾಡ್ಯಾಗ ಹ್ಯಾಂಗ ಮುಚ್ಚಿತು?”

ಅವಳು ನಿಂಬೆಹಣ್ಣನ್ನು ಕೈಯಲ್ಲಿ ತಿರುಗಿಸಿದಳು. “ನೀವು ಎಚ್ಚರ ಇದ್ರಲ್ಲ” ಎಂದಳು.

ನನಗೆ ಸಿಟ್ಟು ಬಂತು. ಇಷ್ಟು ಸಣ್ಣ ಮಾತಿಗೆ ಔಡಲೆಣ್ಣೆ ಒಂದು ಬಾಟಲಿ ಖರ್ಚಾಗಿತ್ತು.

“ಅಷ್ಟಕ್ಕ ನೌಕರಿ ಬಿಡ್ತೀ ಏನು ಹುಚ್ಚಿ? ಎಚ್ಚರ ಕೂಡೋದು ನನಗ ಬರ್ತದ. ಈ ವಯಸ್ಸಿನಾಗ ಬರೋದು ಅದೊಂದೇ. ಫೋನ್ ನನ್ನ ಬಲ್ಲಿ ಇರ್ಲಿ. ಎಬ್ಬಸೋ ಮಾತಿದ್ರ ಎಬ್ಬಸ್ತೀನಿ, ಇವತ್ತ ಎಬ್ಬಸ್ದಂಗ.”

“ನಿಮಗ ಫೋನ್ ಎತ್ತಲಿಕ್ಕ ಬರಲ್ಲ.”

“ಕಲಿಸು.”

ಅವರ ಮನೆಗೆ ಹೋದೆವು. ಅವರವ್ವ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಹುಡುಗಿ ಎರಡು ಸಲ ಬಾಯಿ ತೆರೆದು, ಎರಡೂ ಸಲ ರೊಟ್ಟಿ ಇಟ್ಟುಕೊಂಡಳು. ರಾಜೀನಾಮೆಯ ಮಾತು ಹೊರಗೆ ಬರಲಿಲ್ಲ. ಸಂಜೆಯ ಗಾಡಿಯಲ್ಲಿ ನನಗೆ ಹಸಿರು ಗುಂಡಿಯನ್ನು ಯಾವ ಕಡೆ ಸರಿಸಬೇಕು ಎಂದು ಕಲಿಸಿದಳು. ನಾನು ನಾಲ್ಕು ಸಲ ಕೆಂಪನ್ನು ಸರಿಸಿದೆ. ಆ ರಾತ್ರಿ ಡ್ಯೂಟಿಗೆ ಹೋದಳು. ರಾಜೀನಾಮೆ ಕೊಡುತ್ತಾಳೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ಅವತ್ತು ನನಗೂ ಸರಿಯಾಗಿ ನಿದ್ದೆ ಬರಲಿಲ್ಲ ಎಂದು ಬೇಕಾದರೆ ಬರೆದುಕೊಳ್ಳಿ.

ಮರುದಿನ ಬೆಳಿಗ್ಗೆ ಬಂದಳು. ಫೋನನ್ನು ನನ್ನ ಕೈಗೆ ಕೊಟ್ಟು ಮೇಲೆ ಹೋಗಿ ಮಲಗಿದಳು. ನಾನು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹೋಗಿ ಅವಳ ಬಾಗಿಲ ಹೊರಗೆ, ಮೇಲಿನ ಮೆಟ್ಟಿಲ ಮೇಲೆ ಕುಳಿತು ಹಸನು ಮಾಡತೊಡಗಿದೆ. ಬಿಸಿಲೇರಿದ ಮೇಲೆ ಫೋನು ರಿಂಗಾಯಿತು. ಹಸಿರನ್ನೇ ಸರಿಸಿದೆ.

“ಮೇಡಂ, ಆಸ್ಪತ್ರಿಂದ ಮಾತಾಡ್ಲಿಕತ್ತೀನ್ರಿ.”

“ಮೇಡಂ ಮಕ್ಕೊಂಡಾಳ. ನಾ ಎಚ್ಚರ ಇದ್ದೀನಿ. ಏನದ ಹೇಳ್ರಿ. ಎಬ್ಬಸೋ ಮಾತೇನು?”

“ಅಲ್ಲಲ್ಲ, ಅರ್ಜೆಂಟ್ ಏನಿಲ್ರಿ. ಮೇಡಂ ಅವರ ಸ್ಟೆತಸ್ಕೋಪ್ ಇಲ್ಲೇ ಬಿಟ್ಟು ಹೋಗ್ಯಾರ. ಟೇಬಲ್ ಮ್ಯಾಲ ಬಿದ್ದದ.”

“ಬೀಳ್ಲಿ ಬಿಡ್ರಿ” ಎಂದೆ. “ಅದೂ ಜರಾ ಮಕ್ಕೊಳ್ಳಿ.”

ಕೆಂಪನ್ನು ಸರಿಸಿ ಫೋನನ್ನು ಉಡಿಯಲ್ಲಿ ಹಾಕಿಕೊಂಡು, ಬೇಳೆಯೊಳಗಿನ ಹರಳು ಆರಿಸುತ್ತ ಕುಳಿತೆ.